ಇಕಾಲೂಯಿಟ್ ವಿಮಾನದಲ್ಲಿ ಮುಂದೆ ಸರಕು, ಹಿಂದೆ ಜನ

ಬೀದರ್ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ನಾವು ಎಷ್ಟು ಸೀಟು ತುಂಬಿತು ಅಂತಷ್ಟೇ ಕೇಳುತ್ತೇವೆ. ಆ ಲೆಕ್ಕ ಸಾಲದು. ಕೆನಡಾದಲ್ಲಿ ನೆಲೆಸಿರುವ ನನಗೆ ಇದು ಮನದಟ್ಟಾದದ್ದು ಇಲ್ಲಿನ ಉತ್ತರದ ಇಕಾಲೂಯಿಟ್ ನಿಲ್ದಾಣದ ಚರಿತ್ರೆಯಿಂದ.

ಇಕಾಲೂಯಿಟ್ ನುನಾವುಟ್ ಎಂಬ ಕೇಂದ್ರಾಡಳಿತದಂಥ ಪ್ರದೇಶದ (ಟೆರಿಟರಿ) ರಾಜಧಾನಿ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ, ರೈಲಿಲ್ಲ. ಹಡಗು ಬರುವುದು ಬೇಸಿಗೆಯಲ್ಲಿ, ಸಮುದ್ರದ ಹಿಮ ಕರಗಿದ ಮೇಲೆ. ಅಮೆರಿಕದ ಸೇನೆ 1942ರಲ್ಲಿ ಇಲ್ಲಿ ವಿಮಾನ ನೆಲೆ ಹಾಕಿತು. ಜಾಗ ಗುರುತಿಸಲು ನೆರವಾದವರು ನಕಾಸುಕ್ ಎಂಬ ಇನುಯಿಟ್ (ಇಲ್ಲಿನ ಮೂಲನಿವಾಸಿ ಜನಾಂಗ) ಮಾರ್ಗದರ್ಶಿ. ಇಂದಿನ ಸುಮಾರು 8,600 ಅಡಿ ಉದ್ದದ ರನ್‌ವೇ ಆ ಸೇನಾ ಕಾಲದ ಬಳುವಳಿ. ಮುಂದೆ ನಾರ್ಡೇರ್ ಎಂಬ ವಿಮಾನ ಸಂಸ್ಥೆಯ ಜೆಟ್‌ಗಳು ಮಾಂಟ್ರಿಯಲ್‌ನಿಂದ ಇಲ್ಲಿಗೆ ಬರತೊಡಗಿದವು.

ಉತ್ತರದ ವಿಮಾನ ಸಂಸ್ಥೆಗಳು ಬಾಳಿದ್ದು ಸರಕು, ಜನ ಎರಡನ್ನೂ ಒಟ್ಟಿಗೆ ಒಯ್ಯುವ 'ಕಾಂಬಿ' ವಿಮಾನಗಳಿಂದ. ಎಡಬದಿಯ ದೊಡ್ಡ ಬಾಗಿಲಿನಿಂದ ಪ್ಯಾಲೆಟ್‌ಗಳನ್ನು (ಸರಕು ಕಟ್ಟಿದ ಹಲಗೆಗಳನ್ನು) ಒಳಗೆ ಉರುಳಿಸಿ ಮುಂಭಾಗದಲ್ಲಿ ಬಿಗಿಯುತ್ತಾರೆ. ನಡುವೆ ತಡೆಗೋಡೆ, ಅದರ ಹಿಂದೆ ಸೀಟುಗಳು. ಸರಕು ಹೆಚ್ಚಿದ್ದರೆ ಗೋಡೆ ಹಿಂದಕ್ಕೆ ಸರಿಯುತ್ತದೆ, ಸೀಟು ಕಡಿಮೆಯಾಗುತ್ತವೆ. ಹಾಲು, ತರಕಾರಿ, ಟಪಾಲು, ಯಂತ್ರದ ಬಿಡಿಭಾಗ, ಚಿಕಿತ್ಸೆಗೆ ಒಟ್ಟಾವಾಕ್ಕೆ ಹೊರಟ ರೋಗಿಗಳು, ಒಂದೇ ಹಾರಾಟದ ಖರ್ಚು ಇವೆಲ್ಲದರ ಮೇಲೆ ಹಂಚಿಹೋಗುತ್ತದೆ. ರೋಗಿಗಳ ಪ್ರಯಾಣಕ್ಕೆ ಬಹುಪಾಲು ದುಡ್ಡು ಕೊಡುವುದು ಸರ್ಕಾರ. ಹೀಗಾಗಿ ಪ್ರವಾಸಿಗರಿಲ್ಲದ ಜನವರಿಯಲ್ಲೂ ಬೇಡಿಕೆ ಇರುತ್ತದೆ. ತೊಂದರೆ ಬರುವುದು ಹವೆ ಕೆಟ್ಟಾಗ. ಇಳಿಯಲಾಗದಿದ್ದರೆ ಬದಲಿ ನಿಲ್ದಾಣ ನೂರಾರು ಕಿಲೋಮೀಟರ್ ದೂರ. ಅಲ್ಲಿಗೆ ಸಾಕಾಗುವಷ್ಟು ಹೆಚ್ಚುವರಿ ಇಂಧನ ತುಂಬಿದರೆ ಹೊರುವ ತೂಕ ತಗ್ಗಿಸಬೇಕು, ಆಗ ಸರಕು ಹಿಂದುಳಿಯುತ್ತದೆ, ಅಂಗಡಿಯ ಕಪಾಟು ಖಾಲಿಯಾಗುತ್ತದೆ.

ಈ ಸಂಸ್ಥೆಗಳ ಒಡೆತನವೂ ಉತ್ತರದ ಮೂಲನಿವಾಸಿಗಳದೇ ಆಗಿತ್ತು. ಉತ್ತರ ಕ್ವಿಬೆಕ್‌ನ ಇನುಯಿಟ್ ಜನರ ಮಕಿವಿಕ್ ಸಂಸ್ಥೆ 1990ರಲ್ಲಿ ಫಸ್ಟ್ ಏರ್ ವಿಮಾನ ಸಂಸ್ಥೆಯನ್ನು ಕೊಂಡಿತು. ಎದುರಾಳಿ ಕೆನೆಡಿಯನ್ ನಾರ್ತ್ ಕೂಡ 1998ರಿಂದ ಮೂಲನಿವಾಸಿಗಳದೇ. ಎರಡೂ 2019ರಲ್ಲಿ ಒಂದಾದವು. ಪೈಪೋಟಿ ಹೋದದ್ದರಿಂದ ದರದ ಮೇಲೆ ಸರ್ಕಾರ ಷರತ್ತು ಹಾಕಬೇಕಾಯಿತು. 2025ರಲ್ಲಿ ಆ ಒಂದಾದ ಸಂಸ್ಥೆ ಎಕ್ಸ್‌ಚೇಂಜ್ ಇನ್‌ಕಮ್ ಕಾರ್ಪೊರೇಷನ್ ಎಂಬ ಷೇರುಪೇಟೆ ಕಂಪನಿಗೆ ಮಾರಾಟವಾಯಿತು. ಈ ಕೊನೆಯ ತಿರುವು ನನಗೆ ಹಿತವೆನಿಸುವುದಿಲ್ಲ.

ಇನ್ನು ಬೀದರ್. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ 'ಉಡಾನ್' ಯೋಜನೆಯಲ್ಲಿ ಒಂದಷ್ಟು ಸೀಟುಗಳಿಗೆ ದರಮಿತಿ, ವಿಮಾನ ಸಂಸ್ಥೆಗೆ ಮೂರು ವರ್ಷ ನಷ್ಟಭರ್ತಿ. 2020ರಲ್ಲಿ ಬಂದ ಟ್ರೂಜೆಟ್ 2022ರಲ್ಲಿ ಸಂಸ್ಥೆಯಾಗಿಯೇ ನಿಂತುಹೋಯಿತು. ಸ್ಟಾರ್ ಏರ್ ಬಂತು, ನಿಂತಿತು, 2025ರಲ್ಲಿ ಮರಳಿತು. ಬೀದರಿಗೆ ರಾತ್ರಿ ರೈಲಿದೆ, ಹೈದರಾಬಾದ್ ರಸ್ತೆಯಿದೆ, ಹಾಗಾಗಿ ಇಕಾಲೂಯಿಟ್‌ನ ಅನಿವಾರ್ಯತೆ ಅಲ್ಲಿಲ್ಲ. ಆದರೂ ಟಪಾಲು, ಔಷಧ, ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ರೋಗಿಗಳ ಸೀಟು, ಇವುಗಳ ಒಂದು ಪಾಲನ್ನು ರಾಜ್ಯ ಸರ್ಕಾರ ವರ್ಷಪೂರ್ತಿ ಮುಂಗಡವಾಗಿ ಕಾಯ್ದಿರಿಸಿ ಹಣ ಕೊಡಬಹುದು. ನಷ್ಟಭರ್ತಿಯ ಅವಧಿ ಮುಗಿದ ಮೇಲೂ ಸಂಸ್ಥೆಗೆ ಆ ಒಪ್ಪಂದ ಕೈಯಲ್ಲಿರುತ್ತದೆ.