ಗಿಡಕ್ಕೆ ಊಟ ಹಾಕುವ ಪುಣ್ಯಾತ್ಮರು

‘ಇಂಗಾಲದ ಡೈಆಕ್ಸೈಡ್: ವರವೋ ಶಾಪವೋ?’ ಚರ್ಚೆ ಮತ್ತೆ ಶುರುವಾಗಿದೆ. ಒಬ್ಬರ ಕೈಯಲ್ಲಿ 8 ಲಕ್ಷ ವರ್ಷಗಳ ಗಾಳಿಯನ್ನು ಹಿಡಿದಿಟ್ಟ ಹಿಮದ ದಾಖಲೆ, ಇನ್ನೊಬ್ಬರ ಕೈಯಲ್ಲಿ ಮೈಕು. ಇಬ್ಬರಿಗೂ ತಲಾ ಮೂರು ನಿಮಿಷ. ನ್ಯಾಯವೆಂದರೆ ಇದು!

ವರದ ಪಕ್ಷದವರ ಮಾತು ನಿಮಗೀಗ ಬಾಯಿಪಾಠ. ‘ಅದು ಗಿಡಗಳ ಊಟ ಕಣ್ರೀ!’ ಸರಿ, ಹೊಗೆಕೊಳವೆಗಳೆಲ್ಲ ಅನ್ನಛತ್ರಗಳೇ ಅನ್ನೋಣ. ಗಾಜಿನಮನೆಯ ಬೆಳೆಗಾರರು 800ರಿಂದ 1,000 ಪಿಪಿಎಂವರೆಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಷ್ಟು ಭಾಗ) ಈ ಅನಿಲ ತುಂಬುವುದು ನಿಜ. ಜೊತೆಗೆ ನೀರು, ಸಾರಜನಕ ಅಳೆದು ಕೊಡುತ್ತಾರೆ, ಸೆಕೆ ಏರಿದರೆ ಚಾವಣಿಯ ಕಿಂಡಿ ತೆರೆಯುತ್ತಾರೆ. ಭೂಮಿಯ ಕಿಂಡಿ ಯಾವ ಕಡೆಗಿದೆಯೋ! ಕಬ್ಬು, ಜೋಳದಂಥ ಸಿ4 ಬೆಳೆಗಳು ಎಲೆಯೊಳಗೇ ಅನಿಲವನ್ನು ಒಟ್ಟುಮಾಡಿಕೊಳ್ಳುವ ಸ್ವಾವಲಂಬಿಗಳು, ಈ ದಾಸೋಹದಿಂದ ಅವಕ್ಕೆ ಹೆಚ್ಚೇನೂ ಆಗಬೇಕಿಲ್ಲ. ಗೋಧಿ, ಭತ್ತ ಹಿಗ್ಗುತ್ತವೆ. ಆದರೆ 550 ಪಿಪಿಎಂ ಆಸುಪಾಸಿನಲ್ಲಿ ಬಯಲಲ್ಲೇ ಬೆಳೆಸಿ ನೋಡಿದ ಗೋಧಿಯಲ್ಲಿ ಸತು ಸುಮಾರು ಶೇ 9, ಕಬ್ಬಿಣ ಶೇ 5 ಕಡಿಮೆ. ಹೂವರಳುವ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿದರೆ ಭತ್ತ ಜೊಳ್ಳು.

‘ಗಾಳಿಯಲ್ಲಿ ಬರೀ ಶೇ 0.04 ಇರೋ ಅನಿಲ ಏನು ಮಾಡೀತು?’ ಇದು ಎರಡನೇ ಬಾಣ. ಬಿಟ್ಟವರೇ ತಮ್ಮ ರಕ್ತದ ಸಕ್ಕರೆ ಶೇ 0.1ರಿಂದ 0.2ಕ್ಕೆ ಏರಿದ ದಿನ ವೈದ್ಯರ ಬಾಗಿಲು ಬಡಿಯುತ್ತಾರೆ.

ಇವರೆಲ್ಲರಿಗಿಂತ ಸ್ವಾರಸ್ಯ ಇಂಥ ಚರ್ಚೆ ನಡೆಯುವ ಕೋಣೆಗಳ ಗೋಡೆಯ ಮೇಲೆ ಕೂರುವ ಪುಟ್ಟ ಸಿಒ2 ಮೀಟರು. ಅದರೊಳಗೊಂದು ಕೊಳವೆ. ಈ ತುದಿಗೆ ಅವಕೆಂಪು ದೀಪ, ಆ ತುದಿಗೆ 4.26 ಮೈಕ್ರಾನ್ ಅಲೆಯನ್ನಷ್ಟೇ ಬಿಡುವ ಸೋಸುಗಾಜು, ಅದರ ಹಿಂದೆ ಸೆನ್ಸರ್. ಅನಿಲ ಹೆಚ್ಚಿದಷ್ಟೂ ಅವಕೆಂಪನ್ನು ನುಂಗುತ್ತದೆ, ಸೆನ್ಸರ್‌ಗೆ ತಲುಪುವುದು ಕಡಿಮೆಯಾಗುತ್ತದೆ. 1859ರಲ್ಲಿ ವಿಜ್ಞಾನಿ ಜಾನ್ ಟಿಂಡಲ್ ಕೊಳವೆಯಲ್ಲಿ ಕಂಡದ್ದು ಇದೇ ಗುಣವನ್ನು. ನೆಲ ಬಿಡುವ ಶಾಖವನ್ನು 15 ಮೈಕ್ರಾನ್ ಸುತ್ತಮುತ್ತ ತಡೆಯುವುದೂ ಇದೇ. ‘ಈ ಅನಿಲ ಶಾಖ ಹಿಡಿಯಲ್ಲ’ ಎಂದು ಅತಿಥಿಗಳು ಗುಡುಗುವಾಗ, ಅದು ಹಿಡಿಯುವುದರಿಂದಲೇ ಓಡುವ ಯಂತ್ರ ಅವರ ನೆತ್ತಿಯ ಮೇಲೆ 1,500 ತೋರಿಸುತ್ತಿರುತ್ತದೆ.

ಮೀಟರಿಗೂ ಒಂದು ದುರ್ಗುಣವಿದೆ ಬಿಡಿ. ಎಷ್ಟೋ ಮೀಟರುಗಳು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ: ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿಯದು ಎಂದುಕೊಂಡು ಅದಕ್ಕೆ 400 ಎಂದು ಹೆಸರಿಡುತ್ತವೆ. ಹೊರಗಿನ ಗಾಳಿಯೇ 420 ದಾಟಿದ ಸುದ್ದಿ ಪಾಪ ಅವಕ್ಕಿಲ್ಲ. ಕಿಟಕಿಯನ್ನೇ ತೆರೆಯದ ಕೋಣೆಯಲ್ಲಾದರೆ ಮುಗ್ಗಲು ಗಾಳಿಗೂ 400ರ ಪಟ್ಟ. ಚರ್ಚೆಗೆ ಇದನ್ನೇ ಮೂರನೇ ಅತಿಥಿಯಾಗಿ ಕೂರಿಸಬಹುದು.

ತಮಾಷೆ ಸಾಕು. ಈ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು 1896ರಲ್ಲೇ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಕಾಗದದ ಮೇಲೆ ಲೆಕ್ಕ ಮಾಡಿಟ್ಟ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಗಾಳಿಯ ಅಳತೆ ಶುರುವಾದಾಗ 315 ಇತ್ತು. ಅಲ್ಲಿಂದ ಏರಿದ ನೂರಕ್ಕೂ ಹೆಚ್ಚು ಪಿಪಿಎಂ ನಮ್ಮ ಕಣ್ಣೆದುರೇ ಏರಿದ್ದು. ಇನ್ನೂ ‘ಎರಡೂ ಕಡೆ ಕೇಳೋಣ’ವಂತೆ. ಎಷ್ಟು ಸಲ ಕೇಳುವುದು? ಕೇಳುವಷ್ಟರಲ್ಲೂ ಏರುತ್ತಿದೆ.

ಅಂದಹಾಗೆ, ಮೀಟರು ಸರಿಮಾಡಬೇಕಿದ್ದರೆ ಬಯಲಿಗೆ ಒಯ್ದು, ಅಂಕಿ ನಿಲ್ಲುವವರೆಗೆ ಕಾದು ಗುಂಡಿ ಒತ್ತಬೇಕು. ಉಸಿರು ತಾಗಬಾರದು, ಅದರಲ್ಲಿ 40,000 ಪಿಪಿಎಂ ಇರುತ್ತದೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕಾದ್ದರಿಂದ ಈ ಕೆಲಸ ಚರ್ಚೆಯ ಅತಿಥಿಗಳಿಗೆ ವಹಿಸುವಂತಿಲ್ಲ.