ಕಪ್ಪು ಕನ್ನಡಕದವರಿಗೆ ಒಂದು ಮಾತು

ಇವತ್ತಿನ ಸೂರ್ಯಗ್ರಹಣ ಕಣ್ಣು ತುಂಬುವಂತಿತ್ತು. ನೋಡಲು ಬಂದವರು ಮಾತ್ರ ತಲೆ ತಿಂದರು.

ಅಂಗಳದ ಮರದ ಕೆಳಗೆ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಬಿದಿಗೆ ಚಂದ್ರನಂತೆ ಬಾಗಿತ್ತು. ಎಲೆಗಳ ನಡುವಿನ ಪ್ರತಿ ಸಂದಿಯೂ ಸೂರ್ಯನ ಬಿಂಬವನ್ನು ನೆಲಕ್ಕೆ ಬೀಳಿಸುವ ಸೂಜಿರಂಧ್ರದ ಕ್ಯಾಮೆರಾ. ನೆಲದ ಮೇಲೆ ನೂರಾರು ಪುಟ್ಟ ಸೂರ್ಯರು, ಎಲ್ಲರಿಗೂ ಗ್ರಹಣ. ಕೆಳಗೆ ನೋಡಿ ಎಂದರೆ ಯಾರಿಗೆ ಬೇಕು? ಒಬ್ಬ ಮಹನೀಯರು ಮಾಮೂಲಿ ಕಪ್ಪು ಕನ್ನಡಕ ಏರಿಸಿ ಸೂರ್ಯನನ್ನೇ ದಿಟ್ಟಿಸತೊಡಗಿದರು. ಗ್ರಹಣದ ಕನ್ನಡಕ ಕೈಗಿತ್ತರೆ, ‘ನನಗೇನೂ ಉರಿಯುತ್ತಿಲ್ಲವಲ್ಲ’ ಎಂದರು. ಉರಿಯುವುದಿಲ್ಲ ಸ್ವಾಮಿ! ರೆಟಿನಾಕ್ಕೆ, ಅಂದರೆ ಕಣ್ಣೊಳಗಿನ ಪರದೆಗೆ, ನೋವೇ ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ಗಂಟೆಗಟ್ಟಲೆ ಕಳೆದ ಮೇಲೆ, ನೋಟದ ನಡುವೆ ಕಲೆ ಮೂಡಿದಾಗ.

ಅದೇ ಮಹನೀಯರು ಬಳಿಕ, ನಾವು ಸುಣ್ಣದ ಗಾರೆಯಿಂದ ದುರಸ್ತಿ ಮಾಡುತ್ತಿರುವ ನಮ್ಮ ಹಳೆಯ ಮನೆಯತ್ತ ತಿರುಗಿದರು. ‘ಇಷ್ಟು ಒದ್ದಾಟ ಏಕೆ? ಸಿಮೆಂಟ್ ಮೆತ್ತಿಬಿಡಿ, ಮುಗಿಯಿತು.’

ಮುಗಿಯುವುದು ನಿಜ, ಮನೆಯೇ ಮುಗಿಯುತ್ತದೆ. ಈ ಒಂದೂವರೆ ಕೋಣೆಗಾಗಿ ನಾವಿಬ್ಬರು ಪಡುತ್ತಿರುವ ಪಾಡು ನಿಮಗೆಲ್ಲ ಗೊತ್ತು. ಹಿಂದಿನವರು ಮೆತ್ತಿದ್ದ ಸಿಮೆಂಟ್ ಕೆರೆದು ತೆಗೆಯುವುದರಲ್ಲೇ ಬೆರಳುಗಳು ಸವೆದಿವೆ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರುತ್ತದೆ, ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಆಮೇಲೆ ಉಪ್ಪು ಹೊಮ್ಮುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ಎಲ್ಲ ನುಣುಪು! ಕಣ್ಣಿನ ವಿಷಯದಲ್ಲೂ ಇದೇ ಬುದ್ಧಿ: ಕಪ್ಪಗೆ ಕಂಡರೆ ಸಾಕು, ಗಟ್ಟಿಯಾಗಿ ಕಂಡರೆ ಸಾಕು.

ಸುಣ್ಣ ನಿಧಾನ ಎನ್ನುತ್ತೀರಿ. ಹೌದು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವುದಕ್ಕೆ ಅದಕ್ಕೆ ತಿಂಗಳುಗಳು ಬೇಕು. ಬೇಕಾದರೆ ಬೇಕು. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು ದೊಡ್ಡದು, ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು, ಅದಕ್ಕೇ ಪುಟ್ಟ ಚಂದ್ರ ಸೂರ್ಯನನ್ನು ಮರೆಮಾಡಬಲ್ಲ; ಆ ಲೆಕ್ಕ ಕೂಡಿ ಬರುವುದನ್ನು ಅಂಗಳದಲ್ಲಿ ನಿಂತು ಕಾಯುವವರಿಗೆ ಗೋಡೆ ಒಣಗುವವರೆಗೆ ಕಾಯಲು ಏನು ಕಷ್ಟ?

ನಿಜ ಹೇಳಿಬಿಡುತ್ತೇನೆ, ನಾನು ಈ ಮನೆಗೆ ಸೋತದ್ದು ಗೋಡೆಗಲ್ಲ, ಕಿಟಕಿಯ ಕಟ್ಟೆಗೆ. ಭುಜಕ್ಕೆ ಭುಜ ತಾಗಿಸದೆ ಅಲ್ಲಿ ಇಬ್ಬರು ಕೂರಲಾಗದು. ಕೆಲಸದ ವಿಷಯಕ್ಕೆ ದಿನವೂ ಜಗಳವಾಡುತ್ತೇವೆ. ಜಗಳದ ನಂತರವೂ ಅಲ್ಲೇ ಕೂರಬೇಕು, ಬೇರೆ ಜಾಗವಿಲ್ಲ.

ಮುಂದಿನ ಗ್ರಹಣಕ್ಕೂ ಬನ್ನಿ. ವೆಲ್ಡಿಂಗ್ ಗಾಜು ತರುವವರು 14ನೇ ನಂಬರಿನದ್ದೇ ತನ್ನಿ. ಸಿಮೆಂಟಿನ ಮಾತೆತ್ತಿದವರ ಕೈಗೆ ಕರಣೆ ಕೊಟ್ಟು ಗೋಡೆಯ ಮುಂದೆ ನಿಲ್ಲಿಸುವುದೆಂದು ನಾವಿಬ್ಬರೂ, ಅಪರೂಪಕ್ಕೆ ಜಗಳವಿಲ್ಲದೆ, ತೀರ್ಮಾನಿಸಿದ್ದೇವೆ.