ಶೆಲ್ ಬದಲಾಯಿತು, ಲ್ಯಾಬ್ ಮ್ಯಾನುಯಲ್ ಬದಲಾಗಲಿಲ್ಲ

ತುಮಕೂರಿನಲ್ಲಿ ಯುನಿಕ್ಸ್ ಲ್ಯಾಬ್‌ಗೆಂದು ಹಿರಿಯರಿಂದ ಕಿರಿಯರಿಗೆ ದಾಟುತ್ತಿರುವ ಶೆಲ್ ಮ್ಯಾನುಯಲ್ ಒಂದಿದೆ. ಶೆಲ್ ಎಂದರೆ ನಾವು ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ಪ್ರೋಗ್ರಾಂ. ಆ ಮ್ಯಾನುಯಲ್ ಪರಿಷ್ಕರಿಸಿ ಎಂದು ಯಾರಿಗೆ ಹೇಳಿದರೂ ಸಿಗುವ ಉತ್ತರ ಒಂದೇ: ‘ಹಳೆಯ ಪ್ರೋಗ್ರಾಂಗಳೇ ಓಡುತ್ತವಲ್ಲ, ಮತ್ತೇಕೆ ತಲೆನೋವು?’ ಓಡುತ್ತವೆ, ಒಪ್ಪಿದೆ. ಆದರೆ ಆ ಕಾಗದ ನೋಡಿಕೊಂಡು ಟೈಪ್ ಮಾಡಿದರೆ ಓಡುವುದಿಲ್ಲ.

ಎರಡು ಸಂಖ್ಯೆಗಳ ಮೊತ್ತ ಕಂಡುಹಿಡಿಯುವ ಪ್ರೋಗ್ರಾಂ ತೆಗೆದುಕೊಳ್ಳಿ. ಮ್ಯಾನುಯಲ್‌ನಲ್ಲಿ ಅದನ್ನು ಎಕ್ಸ್‌ಪ್ರ್ (expr) ಎಂಬ ಲೆಕ್ಕದ ಕಮಾಂಡ್ ಬಳಸಿ, ಅದರ ಎರಡೂ ಬದಿಗೆ ಬ್ಯಾಕ್‌ಟಿಕ್ ಹಾಕಿ ಬರೆದಿದ್ದಾರೆ. ಬ್ಯಾಕ್‌ಟಿಕ್ ಎಂದರೆ ಕೀಲಿಮಣೆಯಲ್ಲಿ 1ರ ಎಡಕ್ಕಿರುವ, ಓರೆಯಾದ ಆ ಸಣ್ಣ ಗೀರು; ಅದರ ನಡುವಿನ ಕಮಾಂಡ್ ಓಡಿಸಿ ಬಂದ ಉತ್ತರವನ್ನು ಶೆಲ್ ಅಲ್ಲಿ ಇಡುತ್ತದೆ. ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿಯ ಪ್ರತಿ, ಅದರ ಮತ್ತೊಂದು ಪ್ರತಿ ತೆಗೆಸುವಷ್ಟರಲ್ಲಿ ಓರೆ ಗೀರು ನೆಟ್ಟಗಾಗಿರುತ್ತದೆ. ವಿದ್ಯಾರ್ಥಿ ಎಂಟರ್ ಪಕ್ಕದ ಒಂಟಿ ಉದ್ಧರಣ ಚಿಹ್ನೆಯನ್ನು ಒತ್ತುತ್ತಾನೆ. ಶೆಲ್ ಅದನ್ನು ಲೆಕ್ಕವೆಂದು ನೋಡುವುದೇ ಇಲ್ಲ, ಬರೀ ಅಕ್ಷರಗಳೆಂದು ಇಟ್ಟುಕೊಳ್ಳುತ್ತದೆ. ಮೊತ್ತ ಬರಬೇಕಾದ ಜಾಗದಲ್ಲಿ ‘ಎಕ್ಸ್‌ಪ್ರ್ ಡಾಲರ್ ಎ ಪ್ಲಸ್ ಡಾಲರ್ ಬಿ’ ಎಂದು ಅವನು ಬರೆದ ಸಾಲೇ ಪರದೆಯ ಮೇಲೆ ಮೂಡುತ್ತದೆ. ದೋಷ ಸಂದೇಶವೂ ಇಲ್ಲ, ಏಕೆಂದರೆ ಶೆಲ್ಲಿನ ಮಟ್ಟಿಗೆ ದೋಷವೇ ಆಗಿಲ್ಲ. ವಾರಾಂತ್ಯದಲ್ಲಿ ನನ್ನ ಬಳಿ ಶೆಲ್ ಕಲಿಯಲು ಬರುವ ಹುಡುಗರಲ್ಲಿ ಬಹುತೇಕರು ಈ ಸಾಲನ್ನು ಕಂಡವರೇ. ತಮಗೆ ಪ್ರೋಗ್ರಾಮಿಂಗ್ ಒಗ್ಗುವುದಿಲ್ಲ ಎಂದುಕೊಂಡು ಬಂದಿರುತ್ತಾರೆ.

ಗುಣಾಕಾರದ ಕಥೆ ಇನ್ನೂ ಕಷ್ಟ. ಎಕ್ಸ್‌ಪ್ರ್‌ನಲ್ಲಿ ನಕ್ಷತ್ರ ಚಿಹ್ನೆಯ ಹಿಂದೆ ಓರೆಗೆರೆ ಇರಬೇಕು, \* ಹೀಗೆ. ಇಲ್ಲದಿದ್ದರೆ ಶೆಲ್ ನಕ್ಷತ್ರವನ್ನು ‘ಈ ಫೋಲ್ಡರ್‌ನಲ್ಲಿರುವ ಎಲ್ಲ ಕಡತಗಳ ಹೆಸರು’ ಎಂದು ಹಿಗ್ಗಿಸುತ್ತದೆ. ಎಕ್ಸ್‌ಪ್ರ್ ಕಂಗಾಲಾಗಿ ಸಿಂಟ್ಯಾಕ್ಸ್ ದೋಷ ಎನ್ನುತ್ತದೆ. ನಾನು ನೋಡಿದ ಒಂದು ಪ್ರತಿಯಲ್ಲಿ ಆ ಓರೆಗೆರೆ ಮಸಿಯ ಚುಕ್ಕೆಯೊಳಗೆ ಮುಳುಗಿಹೋಗಿತ್ತು.

ಇದಕ್ಕೆಲ್ಲ ಮದ್ದು ಬಂದು ಎಷ್ಟೋ ಕಾಲವಾಯಿತು. ಡಾಲರ್ ಚಿಹ್ನೆ, ಎರಡು ಆವರಣ, ಒಳಗೆ ಲೆಕ್ಕ: $(( )). ಯುನಿಕ್ಸ್ ಬಗೆಯ ವ್ಯವಸ್ಥೆಗಳು ಹೇಗಿರಬೇಕೆಂದು ಹೇಳುವ ಪಾಸಿಕ್ಸ್‌ನ 1992ರ ಮಾನಕದಲ್ಲೇ ಇದೆ. ಒಳಗಿನ ನಕ್ಷತ್ರಕ್ಕೆ ಓರೆಗೆರೆ ಬೇಡ. ಎಕ್ಸ್‌ಪ್ರ್ ಎಂಬುದು ಪ್ರತಿ ಬಾರಿಯೂ ಹೊಸದಾಗಿ ಎದ್ದು ಬರಬೇಕಾದ ಪ್ರತ್ಯೇಕ ಪ್ರೋಗ್ರಾಂ. ಇಲ್ಲಿ ಶೆಲ್ ತಾನೇ ಕೂಡಿ ಕಳೆಯುತ್ತದೆ. ನಮ್ಮ ಮ್ಯಾನುಯಲ್ ಮಾತ್ರ 1979ರ ಬೋರ್ನ್ ಶೆಲ್ ಎಂಬ ಹಳೆಯ ಯುನಿಕ್ಸ್ ಶೆಲ್‌ನ ಕಾಲದಲ್ಲೇ ಕುಳಿತಿದೆ. ಬ್ಯಾಕ್‌ಟಿಕ್ ಕಲಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ನಾಳೆ ಕೆಲಸಕ್ಕೆ ಸೇರಿದ ಮೇಲೆ ಹಳೆಯ ಸ್ಕ್ರಿಪ್ಟ್ ಓದಲು ಅದು ಬೇಕು. ಆದರೆ ಮೊದಲ ಪಾಠವಾಗಿ ಬೇಡ.

‘ಎಸ್‌ಎಚ್ (sh) ಎಂದು ಟೈಪ್ ಮಾಡಿ ಪ್ರೋಗ್ರಾಂ ಓಡಿಸಿ’ ಎಂಬ ಸೂಚನೆಯೂ ಅದರಲ್ಲಿದೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟು 2006ರ 6.10 ಆವೃತ್ತಿಯಿಂದಲೇ ಆ ಹೆಸರಿನ ಹಿಂದೆ, ಹೆಚ್ಚು ಬಳಕೆಯ ಬ್ಯಾಶ್ ಶೆಲ್ ಬದಲು ಡ್ಯಾಶ್ ಎಂಬ ಪುಟ್ಟ ಶೆಲ್ ಅನ್ನು ಕೂರಿಸಿದೆ. ಬ್ಯಾಶ್‌ನ ಜೋಡಿ ಚೌಕ ಆವರಣ, ಅಂದರೆ [[ ಕಂಡರೆ ಡ್ಯಾಶ್ ‘ಸಿಗಲಿಲ್ಲ’ ಎಂದು ಕೈಚೆಲ್ಲುತ್ತದೆ. ಮ್ಯಾನುಯಲ್ ಬರೆದವರ ಯಂತ್ರದಲ್ಲಿ ಓಡಿದ್ದು ಲ್ಯಾಬಿನಲ್ಲಿ ಓಡುವುದಿಲ್ಲ.

ಶೆಲ್ ಕಟ್ಟುವವರು ದಾಖಲೆ ಬರೆಯುವ ವಿಷಯದಲ್ಲಿ ಎಷ್ಟು ಶ್ರದ್ಧೆಯವರು ಎಂಬುದನ್ನೂ ನೋಡಿ. ಬ್ರಯಾನ್ ಫಾಕ್ಸ್ 1989ರಲ್ಲಿ ಬ್ಯಾಶ್ ಹೊರತಂದರು; ಆಮೇಲೆ ಅದರ ಹೊಣೆ ಹೊತ್ತ ಚೆಟ್ ರೇಮಿ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಬ್ಯಾಶ್‌ಗೆ ಒಂದಲ್ಲ, ಎರಡು ದಾಖಲೆಗಳು: ‘ಮ್ಯಾನ್’ ಎಂಬ ಕಮಾಂಡ್ ಕೊಟ್ಟರೆ ಪರದೆಯ ಮೇಲೆ ತೆರೆಯುವ ಮ್ಯಾನ್ ಪುಟ ಮತ್ತು ದೊಡ್ಡ ಕೈಪಿಡಿ. ಎರಡೂ ಮೂಲ ಕೋಡ್‌ನ ಜೊತೆಗೇ ಬರುತ್ತವೆ. ಮ್ಯಾನ್ ಪುಟದ ಕೊನೆಗೆ ದೋಷಗಳ ಪಟ್ಟಿ ಇದೆ. ಅದರ ಮೊದಲ ದೋಷ, ಈ ಶೆಲ್ ತೀರಾ ದೊಡ್ಡದು, ತೀರಾ ನಿಧಾನ ಎಂಬುದು! ತಮ್ಮದೇ ಪ್ರೋಗ್ರಾಂ ಬಗ್ಗೆ ಹೀಗೆ ಬರೆಯುವವರ ದಾಖಲೆಯನ್ನು ನಾನು ನಂಬುತ್ತೇನೆ.

ಈ ಮ್ಯಾನ್ ಪುಟ ಲ್ಯಾಬಿನ ಪ್ರತಿ ಯಂತ್ರದಲ್ಲೂ ಇರುತ್ತದೆ, ಇಂಟರ್‌ನೆಟ್ ಕೂಡ ಬೇಕಿಲ್ಲ. ಆದರೂ ಯಾರೂ ತೆರೆಯುವುದಿಲ್ಲ. ಉಬುಂಟುವಿನಲ್ಲಿ ಫೋಲ್ಡರ್ ಬದಲಾಯಿಸುವ ಸಿಡಿ (cd) ಕಮಾಂಡ್‌ಗೆ ಮ್ಯಾನ್ ಪುಟ ಕೇಳಿದರೆ ‘ಇಲ್ಲ’ ಎನ್ನುತ್ತದೆ, ಏಕೆಂದರೆ ಸಿಡಿ ಶೆಲ್‌ನ ಒಳಗೇ ಇರುವ ಕಮಾಂಡ್. ಅದಕ್ಕೆ ಹೆಲ್ಪ್ ಎಂದು ಕೇಳಬೇಕು. ಈ ಒಂದು ಸಾಲು ಮ್ಯಾನುಯಲ್‌ನಲ್ಲಿ ಇಲ್ಲದ್ದರಿಂದ ಮೊದಲ ಪ್ರಯತ್ನದಲ್ಲೇ ನಿರಾಶರಾದವರು ಮತ್ತೆ ಅತ್ತ ತಲೆಹಾಕುವುದಿಲ್ಲ. ಅಲ್ಲದೆ ಪಾವಗಡ, ಮಧುಗಿರಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಮುಂದೆ ಆ ಒತ್ತೊತ್ತಾದ ಇಂಗ್ಲಿಷ್ ಪುಟ ಇಟ್ಟು ‘ಓದಿಕೋ’ ಎಂದರೆ ಅವರು ಜೆರಾಕ್ಸ್‌ಗೇ ಮರಳುತ್ತಾರೆ. ಅವರನ್ನು ದೂರುವಂತಿಲ್ಲ.

ಹೊಸದಾಗಿ ಬರೆದರೆ ಸಾಲದು, ತಲುಪಲೂ ಬೇಕು. ಮೈಕ್ರೋಸಾಫ್ಟ್ ತನ್ನ ಶೆಲ್ ಆದ ಪವರ್‌ಶೆಲ್‌ನ 2012ರ 3.0 ಆವೃತ್ತಿಯಲ್ಲಿ ಸಹಾಯ ಕಡತಗಳನ್ನು ಶೆಲ್‌ನಿಂದ ಬೇರ್ಪಡಿಸಿ, ‘ಅಪ್‌ಡೇಟ್-ಹೆಲ್ಪ್’ ಕಮಾಂಡ್ ಕೊಟ್ಟು ಇಳಿಸಿಕೊಳ್ಳುವಂತೆ ಮಾಡಿತು. ತಪ್ಪು ತಿದ್ದಲು ಮುಂದಿನ ಆವೃತ್ತಿಗೆ ಕಾಯಬೇಕಿಲ್ಲ, ಒಳ್ಳೆಯದೇ. ಆದರೆ ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ ಅದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು, ಇಂಟರ್‌ನೆಟ್ ಬೇಕು. ಯಂತ್ರದ ಭಾಷೆ ಭಾರತದ ಇಂಗ್ಲಿಷ್ ಎಂದಿದ್ದರೆ ಆ ಭಾಷೆಯ ಸಹಾಯ ಕಡತ ಸಿಗದೆ ಮುಗ್ಗರಿಸುವುದೂ ಉಂಟು. ಅಮೆರಿಕದ ಇಂಗ್ಲಿಷ್ ಕೊಡು ಎಂದು ಬಿಡಿಸಿ ಹೇಳಬೇಕು. ಇಂಟರ್‌ನೆಟ್ ಇಲ್ಲದ ಕಡೆಗೆ ‘ಸೇವ್-ಹೆಲ್ಪ್’ ಇದೆ, ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೋಗಬಹುದು. ಲ್ಯಾಬ್ ನೋಡಿಕೊಳ್ಳುವವರು ಇಷ್ಟು ಮಾಡಿದರೆ ಸಾಕು.

ಮ್ಯಾನುಯಲ್ ವಿಷಯದಲ್ಲಿ ನನ್ನ ಬೇಡಿಕೆಯೂ ದೊಡ್ಡದಲ್ಲ. ಮೊದಲ ಪುಟದಲ್ಲಿ ಯಾವ ಶೆಲ್, ಯಾವ ಆವೃತ್ತಿ, ಯಾವ ವರ್ಷ ಎಂದು ಬರೆಯಿರಿ. ಕಮಾಂಡ್‌ಗಳನ್ನು ವರ್ಡ್‌ನಲ್ಲಿ ಟೈಪ್ ಮಾಡಬೇಡಿ; ಅದು ಉದ್ಧರಣ ಚಿಹ್ನೆಗಳನ್ನು ತಾನೇ ಬಾಗಿಸಿ, ಎರಡು ಅಡ್ಡಗೆರೆಗಳನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ಪ್ರತಿ ಪ್ರೋಗ್ರಾಂ ಜೊತೆ ಏನಾಗುತ್ತಿದೆ ಎಂದು ಕನ್ನಡದಲ್ಲಿ ನಾಲ್ಕು ಸಾಲು ಇರಲಿ. ಕೆಲವು ಪುಟಗಳನ್ನು ನಾನೇ ಹೀಗೆ ತಿದ್ದಿ ಹುಡುಗರಿಗೆ ಕೊಟ್ಟೆ. ಓದಿದ ಕೂಡಲೇ ಅವರು ಕೇಳಿದ್ದು, ಪರೀಕ್ಷೆಯಲ್ಲಿ ಎಕ್ಸ್‌ಪ್ರ್ ಬದಲು ಇದನ್ನು ಬರೆದರೆ ಅಂಕ ಕೊಡುತ್ತಾರಾ ಎಂದು.

ಉತ್ತರ ಪತ್ರಿಕೆ ತಿದ್ದುವ ಉಪನ್ಯಾಸಕರು ನನ್ನ ಸ್ನೇಹಿತರ ಪಟ್ಟಿಯಲ್ಲಿ ಹಲವರಿದ್ದೀರಿ. ಕೊಡುತ್ತೀರಾ, ಇಲ್ಲವಾ? ಕೆಳಗೆ ಒಂದು ಸಾಲು ಬರೆಯಿರಿ, ಶನಿವಾರ ಅದನ್ನೇ ಹುಡುಗರಿಗೆ ತೋರಿಸುತ್ತೇನೆ.